ನೀರು ಬದಲಾದರೆ ಕೂಸಿಗೆ ಏನಾಗುತ್ತದೆ?

ಶಾಲೆಗಳಿಗೆ ರಜೆ ಬಿದ್ದೊಡನೆ ಕಲಾದಗಿ, ಬದಾಮಿ, ಹುನಗುಂದ, ಇಳಕಲ್ಲ ಕಡೆಯ ಅನೇಕ ಮನೆಗಳಲ್ಲಿ ಗೋಕರ್ಣ, ಮುರ್ಡೇಶ್ವರ, ಉಡುಪಿ, ಮಲ್ಪೆಗಳ ಹೆಸರು ಕೇಳಿಬರುತ್ತದೆ. ದೇವರ ದರ್ಶನವೂ ಆಯಿತು, ಮಕ್ಕಳಿಗೆ ಕಡಲು ತೋರಿಸಿದಂತೆಯೂ ಆಯಿತು ಎಂಬುದು ಹಿರಿಯರ ಲೆಕ್ಕ. ಆದರೆ ಮನೆಯಲ್ಲಿ ವರ್ಷ ಎರಡು ವರ್ಷದ ಕೂಸಿದ್ದರೆ ಅಜ್ಜಿಯ ತಕರಾರು ಇದ್ದೇ ಇರುತ್ತದೆ: "ಬ್ಯಾಡವ್ವ, ನೀರ ಬದಲಾದ್ರ ಕೂಸಿಗೆ ಆಗಿ ಬರೂದಿಲ್ಲ."

ಅಜ್ಜಿಯ ಈ ಮಾತನ್ನು ನಕ್ಕು ತಳ್ಳಿಹಾಕುವಂತಿಲ್ಲ. ಪ್ರವಾಸದಲ್ಲಿ ಐದು ವರ್ಷದೊಳಗಿನ ಮಕ್ಕಳಿಗೆ ಬರುವ ದೊಡ್ಡ ಅಪಾಯಗಳೆಲ್ಲ ಒಂದಲ್ಲ ಒಂದು ಬಗೆಯಲ್ಲಿ ನೀರಿಗೇ ಸಂಬಂಧಿಸಿದವು. ಕುಡಿಯುವ ನೀರು ಮೊದಲನೆಯದು, ಬೆವರು-ಭೇದಿಗಳಲ್ಲಿ ಮೈಯಿಂದ ಹೋಗುವ ನೀರು ಎರಡನೆಯದು, ಆಡಲು ಇಳಿಯುವ ನೀರು ಮೂರನೆಯದು. ಈ ಮೂರನ್ನೂ ಮೊದಲೇ ಯೋಚಿಸಿಕೊಂಡ ತಂದೆತಾಯಿಗಳು ಕೂಸನ್ನು ಧೈರ್ಯವಾಗಿ ಕರೆದೊಯ್ಯಬಹುದು. ಕೆರಿಬಿಯನ್ ದ್ವೀಪಗಳಿಗೆ ಹೋಗುವ ಅಮೆರಿಕದ ಕುಟುಂಬವಾಗಲಿ, ಮಲ್ಪೆಗೆ ಹೋಗುವ ಇಳಕಲ್ಲಿನ ಕುಟುಂಬವಾಗಲಿ, ಮಗುವಿನ ದೇಹದ ಲೆಕ್ಕ ಒಂದೇ.

ಮೈಯೊಳಗಿನ ನೀರಿನ ಲೆಕ್ಕ

ದೊಡ್ಡವರ ದೇಹದ ತೂಕದಲ್ಲಿ ಸುಮಾರು ನೂರಕ್ಕೆ ಅರವತ್ತು ಭಾಗ ನೀರು. ಹುಟ್ಟಿದ ಕೂಸಿನಲ್ಲಿ ಅದು ನೂರಕ್ಕೆ ಎಪ್ಪತ್ತೈದರಷ್ಟು. ಹತ್ತು ಕಿಲೋ ತೂಗುವ ಮಗುವಿಗೆ ದಿನಕ್ಕೆ ಸುಮಾರು ಒಂದು ಲೀಟರ್ ದ್ರವ ಬೇಕು, ಅಂದರೆ ಕಿಲೋ ತೂಕಕ್ಕೆ 100 ಮಿ.ಲೀ. ಅರವತ್ತು ಕಿಲೋ ತೂಗುವ ಅಪ್ಪನಿಗೆ ಕಿಲೋಗೆ 40 ಮಿ.ಲೀ. ಸಿಕ್ಕರೂ ಸಾಕು. ತೂಕಕ್ಕೆ ಹೋಲಿಸಿದರೆ ಮಗುವಿನ ಚರ್ಮದ ಹರವೂ ಹೆಚ್ಚು. ಆದ್ದರಿಂದಲೇ ಅಪ್ಪನಿಗೆ ಬರಿಯ ಬಾಯಾರಿಕೆಯಾಗುವ ಹೊತ್ತಿಗೆ ಮಗು ಬಾಡಿರುತ್ತದೆ.

ಇದರ ಜೊತೆಗೆ ಹವೆಯ ಬದಲಾವಣೆಯನ್ನೂ ಗಮನಿಸಬೇಕು. ನಮ್ಮ ಕಡೆಯ ಬಿಸಿಲು ಒಣಬಿಸಿಲು. ಏಪ್ರಿಲ್‌ನಲ್ಲಿ ಉಷ್ಣಾಂಶ 40 ಡಿಗ್ರಿ ಮುಟ್ಟಿದರೂ ಬೆವರು ಬಂದಂತೆ ಆರಿ ಮೈ ತಣ್ಣಗಾಗುತ್ತದೆ. ಕರಾವಳಿಯಲ್ಲಿ ಉಷ್ಣಾಂಶ ಏಳೆಂಟು ಡಿಗ್ರಿ ಕಡಿಮೆಯಿದ್ದರೂ ಗಾಳಿಯಲ್ಲಿ ತೇವ ತುಂಬಿರುತ್ತದೆ. ಬೆವರು ಆರುವುದಿಲ್ಲ, ಸುರಿಯುತ್ತದೆ. ಮೈಯ ಕಾವು ಇಳಿಯುವುದಿಲ್ಲ. "ನಮ್ಮ ಕೂಸು ಬಿಸಿಲಿಗೆ ಹೊಂದಿಕೊಂಡದ್ದು" ಎಂಬ ಭರವಸೆ ಅಲ್ಲಿ ಕೆಲಸಕ್ಕೆ ಬಾರದು.

ಯಾವಾಗ ಹೊರಡಬೇಕು?

ಶಾಲೆಗೆ ಹೋಗದ ಮಕ್ಕಳಿಗೆ ಬೇಸಿಗೆ ರಜೆಯ ಹಂಗಿಲ್ಲ. ಅವರೊಂದಿಗೆ ಕಡಲತೀರಕ್ಕೆ ಹೋಗಲು ನವೆಂಬರ್‌ನಿಂದ ಫೆಬ್ರುವರಿವರೆಗಿನ ಕಾಲ ಒಳ್ಳೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ಉಕ್ಕುತ್ತಿರುತ್ತದೆ. ಆಗ ಮಕ್ಕಳನ್ನು ನೀರಿನ ಹತ್ತಿರ ಸುಳಿಯಗೊಡಬಾರದು. ಏಪ್ರಿಲ್-ಮೇ ತಿಂಗಳಲ್ಲೇ ಹೋಗಬೇಕಾದರೆ ಬೆಳಿಗ್ಗೆ ಹತ್ತರೊಳಗೆ ಮತ್ತು ಸಂಜೆ ನಾಲ್ಕರ ನಂತರ ಮಾತ್ರ ಮರಳಿಗೆ ಇಳಿಸಿ, ನಡುಹಗಲನ್ನು ನೆರಳಿನಲ್ಲಿ, ಮಲಗುವುದರಲ್ಲಿ ಕಳೆಯಿರಿ.

ಆರು ತಿಂಗಳೊಳಗಿನ ಕೂಸನ್ನು ನೇರ ಬಿಸಿಲಿಗೆ ಒಡ್ಡಲೇಬಾರದು. ಅದಕ್ಕೆ ತಾಯಿಯ ಹಾಲೊಂದೇ ಸಾಕು. ಸೆಖೆಯೆಂದು ನೀರು ಕುಡಿಸುವ ಅಗತ್ಯವಿಲ್ಲ, ಹೆಚ್ಚು ಸಲ ಮೊಲೆಯೂಡಿಸಿದರೆ ಆಯಿತು. ಮಗುವಿಗೆ ಜ್ವರ ಅಥವಾ ಭೇದಿ ಇದ್ದರೆ ಹೊರಡುವ ದಿನವನ್ನು ಮುಂದೂಡಿರಿ. ಮುಂಗಡ ಕೊಟ್ಟ ಕೋಣೆಯ ಬಾಡಿಗೆ ಹೋದರೆ ಹೋಗಲಿ.

ದಾರಿಯ ತೊಂದರೆಗಳು

ಬಾಗಲಕೋಟೆಯಿಂದ ಹುಬ್ಬಳ್ಳಿ ದಾಟಿ, ಯಲ್ಲಾಪುರದಿಂದ ಮುಂದೆ ಅರಬೈಲ್ ಘಟ್ಟ ಇಳಿದು ಅಂಕೋಲೆ ಸೇರುವುದು ನಮ್ಮವರು ಹಿಡಿಯುವ ಸಾಮಾನ್ಯ ದಾರಿ. ಬಯಲಿನಲ್ಲಿ ನಗುನಗುತ್ತ ಬಂದ ಮಗು ಘಟ್ಟದ ತಿರುವುಗಳಲ್ಲಿ ವಾಂತಿ ಮಾಡತೊಡಗುತ್ತದೆ. ಒಳಗಿವಿಯು ದೇಹ ಹೊರಳುತ್ತಿದೆ ಎಂದು ಮೆದುಳಿಗೆ ಹೇಳುತ್ತದೆ. ಗಾಡಿಯ ಒಳಗನ್ನೇ ನೋಡುತ್ತಿರುವ ಕಣ್ಣು ಎಲ್ಲವೂ ನಿಂತಿದೆ ಎನ್ನುತ್ತದೆ. ಈ ಗೊಂದಲವೇ ವಾಂತಿಗೆ ಕಾರಣ. ಎರಡು ವರ್ಷದೊಳಗಿನವರಲ್ಲಿ ಇದು ಅಪರೂಪ, ಅನಂತರದ ಮಕ್ಕಳಲ್ಲಿ ಹೆಚ್ಚು.

ಹೊರಡುವ ಮುನ್ನ ಎಣ್ಣೆ ಪದಾರ್ಥ ಕೊಡದೆ ಹಗುರವಾಗಿ ಉಣಿಸಿ. ಕಿಟಕಿಯಿಂದ ದೂರದ ಗುಡ್ಡ ನೋಡುವಂತೆ ಹೇಳಿ. ಮೊಬೈಲ್ ಕೊಟ್ಟು ಕೂರಿಸಬೇಡಿ. ಎರಡು ಗಂಟೆಗೊಮ್ಮೆ ಗಾಡಿ ನಿಲ್ಲಿಸಿ ಕೆಳಗಿಳಿಸಿ. ವಾಂತಿ ತಡೆಯುವ ಔಷಧಿಗಳಲ್ಲಿ ಕೆಲವನ್ನು ಎರಡು ವರ್ಷದೊಳಗಿನವರಿಗೆ ಕೊಡಲೇಬಾರದು. ಆದ್ದರಿಂದ ವೈದ್ಯರನ್ನು ಕೇಳದೆ ಅಂಗಡಿಯಿಂದ ತಂದು ಕುಡಿಸಬೇಡಿ. ಮಗು ದಾರಿಯಲ್ಲಿ ಮಲಗಲೆಂದು ಕೆಮ್ಮಿನ ಔಷಧಿ ಕುಡಿಸುವುದು ಇನ್ನೂ ಅಪಾಯಕರ.

ನಮ್ಮ ಬುತ್ತಿಯ ಬಗ್ಗೆಯೂ ಒಂದು ಎಚ್ಚರಿಕೆ. ಶೇಂಗಾ, ಪುಟಾಣಿ, ಚುರುಮುರಿಗಳನ್ನು ಓಡುವ ಗಾಡಿಯಲ್ಲಿ ನಾಲ್ಕು ವರ್ಷದೊಳಗಿನ ಮಕ್ಕಳ ಕೈಗೆ ಕೊಡಬಾರದು. ಗಾಡಿ ಜಿಗಿದಾಗ ಒಂದು ಶೇಂಗಾ ಕಾಳು ಶ್ವಾಸನಾಳಕ್ಕೆ ಇಳಿದರೆ ಸಾಕು, ಮಗು ಉಸಿರುಗಟ್ಟುತ್ತದೆ. ಬಾಳೆಹಣ್ಣು, ಬೀಜ ತೆಗೆದ ಕಲಾದಗಿಯ ಚಿಕ್ಕು, ಹಾಲಿನಲ್ಲಿ ಕಿವುಚಿದ ರೊಟ್ಟಿ, ಮೆತ್ತಗಿನ ಅವಲಕ್ಕಿ ಇವು ಪ್ರವಾಸಕ್ಕೆ ಒಳ್ಳೆಯ ಆಹಾರ.

ಕುಡಿಯುವ ನೀರು

‘ನೀರು ಬದಲಾಯಿತು’ ಎಂದರೆ ಏನು? ನೀರಿನ ರುಚಿ ಅಥವಾ ಗಡಸುತನ ಬದಲಾದ ಮಾತ್ರಕ್ಕೆ ಮಗುವಿಗೆ ಭೇದಿ ಹತ್ತುವುದು ವಿರಳ. ಬದಲಾಗುವುದು ನೀರಿನಲ್ಲಿರುವ, ಕೈಗೆ ಅಂಟಿರುವ, ಹೊರಗಿನ ಆಹಾರದಲ್ಲಿರುವ ರೋಗಾಣುಗಳು. ಮನೆಯಲ್ಲಿ ಕಾಯಿಸಿದ ನೀರನ್ನೇ ಕುಡಿಸುವ ತಾಯಿ ಪ್ರವಾಸದಲ್ಲಿ ಹೋಟೆಲಿನ ಜಗ್ಗಿನಿಂದ ಲೋಟ ತುಂಬಿಸುತ್ತಾಳೆ. ಮರಳಿನಲ್ಲಿ ಆಡಿದ ಕೈ ನೇರ ಬಾಯಿಗೆ ಹೋಗುತ್ತದೆ. ತೊಂದರೆ ಶುರುವಾಗುವುದು ಇಲ್ಲಿ.

ನೀರು ಕುದಿಯತೊಡಗಿದ ಮೇಲೆ ಒಂದು ನಿಮಿಷ ಕುದಿಸಿದರೂ ರೋಗಾಣುಗಳು ಸಾಯುತ್ತವೆ. ತಂಗುವ ಕೋಣೆಯಲ್ಲಿ ಬಳಸಲು ಒಂದು ವಿದ್ಯುತ್ ಕೆಟಲ್ ಒಯ್ದರೆ ದಿನದ ನೀರು, ಹಾಲು ಎರಡಕ್ಕೂ ಆಗುತ್ತದೆ. ಬಾಟಲಿ ನೀರು ಕೊಂಡರೆ ಮುಚ್ಚಳದ ಮೊಹರು ನೋಡಿ ಕೊಳ್ಳಿ. ಕಬ್ಬಿನ ಹಾಲು, ಐಸ್ ಗೋಲಾ, ಕತ್ತರಿಸಿಟ್ಟ ಹಣ್ಣು ಬೇಡ. ಕಣ್ಣೆದುರು ಕೆತ್ತಿದ ಎಳನೀರು ಆಗಬಹುದು. ಮಲವಿಸರ್ಜನೆಯ ನಂತರ ಮತ್ತು ಊಟದ ಮೊದಲು ಸಾಬೂನಿನಿಂದ ಕೈ ತೊಳೆಯುವುದನ್ನು, ಉಣಿಸುವವರ ಕೈಯನ್ನೂ ಸೇರಿಸಿ, ತಪ್ಪಿಸಬೇಡಿ.

ಭೇದಿ ಹತ್ತಿದರೆ

ಇಷ್ಟೆಲ್ಲ ಜಾಗ್ರತೆ ವಹಿಸಿದರೂ ಭೇದಿ ಬರಬಹುದು. ಆಗ ಮಗುವಿನ ಜೀವಕ್ಕೆ ಸಂಚಕಾರ ತರುವುದು ಬಹುಮಟ್ಟಿಗೆ ಮೈಯಿಂದ ಹೋದ ನೀರು ಮತ್ತು ಲವಣ. ಅವನ್ನು ತುಂಬಿಸಿಕೊಟ್ಟರೆ ಹೆಚ್ಚಿನ ಮಕ್ಕಳು ಪಾರಾಗುತ್ತಾರೆ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ತುಂಬಿದ್ದ ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ಸಲೈನ್ ಮುಗಿದುಹೋದಾಗ ಡಾ. ದಿಲೀಪ್ ಮಹಲನಬಿಸ್ ಉಪ್ಪು-ಸಕ್ಕರೆಯ ದ್ರಾವಣವನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಸಕ್ಕರೆಯ ಗ್ಲುಕೋಸ್ ಅಂಶ ಕರುಳಿನ ಗೋಡೆಯ ಮೂಲಕ ಒಳಗೆ ಹೋಗುವಾಗ ಉಪ್ಪನ್ನೂ ಜೊತೆಗೆ ಒಯ್ಯುತ್ತದೆ, ಅವುಗಳ ಹಿಂದೆ ನೀರು ಹೋಗುತ್ತದೆ. ಅದಕ್ಕಾಗಿ ಎರಡೂ ಬೇಕು, ಅದೂ ತಕ್ಕ ಪ್ರಮಾಣದಲ್ಲಿ ಬೇಕು.

ಓ.ಆರ್.ಎಸ್. ಪೊಟ್ಟಣ ಕೊಳ್ಳುವಾಗ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಬರೆದಿರುವುದನ್ನು ನೋಡಿ. ಆ ಹೆಸರು ಹೊತ್ತ, ಸಕ್ಕರೆ ತುಂಬಿದ ಸಿಹಿ ಪಾನೀಯಗಳು ಬಹಳ ಕಾಲ ಮಾರಾಟವಾದವು. ಸೂತ್ರಕ್ಕೆ ಹೊಂದದ ಪಾನೀಯಗಳ ಮೇಲೆ ‘ಓ.ಆರ್.ಎಸ್.’ ಎಂಬ ಪದ ಬಳಸಬಾರದೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿತು. ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಹಾಕಬೇಕು. ಅರ್ಧ ಪೊಟ್ಟಣ, ಅಂದಾಜಿನ ನೀರು ಸಲ್ಲದು. 24 ಗಂಟೆಯಾದ ಮೇಲೆ ಉಳಿದದ್ದನ್ನು ಚೆಲ್ಲಿರಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕದಡಿ. ಎಳನೀರಿನಲ್ಲಿ ಸೋಡಿಯಂ ಕಡಿಮೆ, ಅದು ಓ.ಆರ್.ಎಸ್.ಗೆ ಬದಲಿಯಲ್ಲ.

ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ ಕಾಲಿನಿಂದ ಅರ್ಧ ಬಟ್ಟಲು (50-100 ಮಿ.ಲೀ.), ದೊಡ್ಡ ಮಕ್ಕಳಿಗೆ ಅರ್ಧದಿಂದ ಒಂದು ಬಟ್ಟಲು ಚಮಚದಿಂದ ಕುಡಿಸಿ. ವಾಂತಿಯಾದರೆ ಹತ್ತು ನಿಮಿಷ ತಡೆದು ಮತ್ತೆ ಮೆಲ್ಲಗೆ ಆರಂಭಿಸಿ. ಮೊಲೆಹಾಲು, ಮೆತ್ತನೆಯ ಅನ್ನ ನಿಲ್ಲಿಸಬೇಡಿ. ವೈದ್ಯರ ಸಲಹೆಯಂತೆ ಸತುವಿನ ಮಾತ್ರೆಯನ್ನು 14 ದಿನ ಕೊಡಬೇಕು.

ಕಣ್ಣು ಅಥವಾ ನೆತ್ತಿ ಗುಳಿ ಬೀಳುವುದು, ಅತ್ತರೂ ಕಣ್ಣೀರು ಬಾರದಿರುವುದು, ಆರು ಗಂಟೆ ಮೂತ್ರ ಆಗದಿರುವುದು, ಕುಡಿದುದೆಲ್ಲ ವಾಂತಿಯಾಗುವುದು, ಮಲದಲ್ಲಿ ರಕ್ತ, ಮಗು ಮಂಕಾಗಿ ತೂಕಡಿಸುವುದು ಇವುಗಳಲ್ಲಿ ಒಂದು ಕಂಡರೂ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಮರುದಿನದ ದರ್ಶನ ಮುಗಿಯಲಿ ಎಂದು ಕಾಯಬಾರದು.

ಆಡಲು ಇಳಿಯುವ ನೀರು

ಕಡಲಿಲ್ಲದ ನಾಡಿನ ನಮಗೆ ಅಲೆಯ ಬಲದ ಅಂದಾಜು ಇರುವುದಿಲ್ಲ. ಮೊಳಕಾಲುದ್ದದ ನೀರು ಹಿಂದಕ್ಕೆ ಸರಿಯುವಾಗ ಕಾಲಡಿಯ ಮರಳನ್ನೂ ಎಳೆದುಕೊಂಡು ಹೋಗುತ್ತದೆ. ದೊಡ್ಡವರೇ ತಡವರಿಸುತ್ತಾರೆ, ಮಗು ಉರುಳಿಬೀಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2021ರಲ್ಲಿ ಜಗತ್ತಿನಲ್ಲಿ ಸುಮಾರು ಮೂರು ಲಕ್ಷ ಜನ ಮುಳುಗಿ ಸತ್ತರು. ಅವರಲ್ಲಿ ಹತ್ತಿರ ಹತ್ತಿರ ಕಾಲುಭಾಗ ಐದು ವರ್ಷದೊಳಗಿನ ಮಕ್ಕಳು.

ಮುಳುಗುವ ಮಗು ಕೂಗುತ್ತದೆ, ಕೈ ಬೀಸುತ್ತದೆ ಎಂಬುದು ತಪ್ಪು ಕಲ್ಪನೆ. ಬಾಯಿ ನೀರಿನಲ್ಲಿರುವ ಮಗು ಕೂಗಲಾರದು. ಸದ್ದಿಲ್ಲದೆ, ಒಂದೆರಡು ನಿಮಿಷದಲ್ಲಿ ಎಲ್ಲ ಮುಗಿದುಹೋಗುತ್ತದೆ. ಹತ್ತು ಜನ ದೊಡ್ಡವರಿರುವ ಗುಂಪಿನಲ್ಲಿ ಹೀಗಾಗುವ ಸಂಭವ ಹೆಚ್ಚು, ಏಕೆಂದರೆ ಪ್ರತಿಯೊಬ್ಬರೂ ಇನ್ನೊಬ್ಬರು ನೋಡುತ್ತಿದ್ದಾರೆ ಎಂದುಕೊಂಡಿರುತ್ತಾರೆ. ಆದ್ದರಿಂದ ಒಂದು ನಿಯಮ ಮಾಡಿಕೊಳ್ಳಿ. ಅರ್ಧ ಗಂಟೆಗೆ ಒಬ್ಬರಂತೆ ಸರದಿ ಹಾಕಿ, ಆ ಅರ್ಧ ಗಂಟೆ ಅವರು ಫೋನು, ಫೋಟೋ, ಹರಟೆ ಎಲ್ಲ ಬಿಟ್ಟು ಮಗುವಿಗೆ ಕೈ ಎಟಕುವಷ್ಟು ಹತ್ತಿರವೇ ಇರಬೇಕು. ಗಾಳಿ ತುಂಬಿದ ಟ್ಯೂಬು ಆಟದ ಸಾಮಾನೇ ಹೊರತು ರಕ್ಷಣೆಯ ಸಾಧನವಲ್ಲ. ಕೋಣೆಯ ಬಚ್ಚಲಲ್ಲಿ ತುಂಬಿಟ್ಟ ಬಕೆಟ್ಟೂ ತಡವರಿಸಿ ನಡೆಯುವ ಕೂಸಿಗೆ ಅಪಾಯವೇ.

ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗುವವರು ಇನ್ನಷ್ಟು ಯೋಚಿಸಬೇಕು. ಲಾವಾ ಆರಿ ಕಂಬಗಳಾಗಿ ನಿಂತ ಅಲ್ಲಿನ ಬಂಡೆಗಳು ನೋಡತಕ್ಕವು. ಆದರೆ ಒದ್ದೆಯಾದಾಗ ಜಾರುತ್ತವೆ, ನೆರಳೂ ಕಡಿಮೆ. ಬೆಳಗಿನ ದೋಣಿಯಲ್ಲಿ ಹೋಗಿ ಬಿಸಿಲೇರುವ ಮುನ್ನ ಮರಳಿ ಬನ್ನಿ. ಕುಡಿಯುವ ನೀರು ನಿಮ್ಮ ಜೊತೆಗಿರಲಿ. ಮಗುವಿನ ಅಳತೆಯ ಜೀವರಕ್ಷಕ ಅಂಗಿ ದೋಣಿಯಲ್ಲಿ ಇಲ್ಲದಿದ್ದರೆ ಮಗುವನ್ನು ಹತ್ತಿಸಬೇಡಿ. ಮಳೆಗಾಲದಲ್ಲಿ ಈ ದೋಣಿಗಳು ನಿಲ್ಲುತ್ತವೆ.

ಮಗು ಮುಳುಗಿ ಮೇಲೆ ತೆಗೆದಾಗ ಉಸಿರಾಟವಿಲ್ಲದಿದ್ದರೆ ತಲೆಕೆಳಗೆ ಮಾಡುವುದು, ಹೊಟ್ಟೆ ಒತ್ತುವುದು ಮಾಡಬಾರದು. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ ಮೊದಲು ಐದು ಸಲ ಮೆಲ್ಲನೆ ಬಾಯಿಯಿಂದ ಉಸಿರೂದಿ. ಅನಂತರ ಎದೆಯ ನಡುವೆ 30 ಸಲ ಒತ್ತುವುದು, 2 ಸಲ ಊದುವುದು ಮುಂದುವರಿಸಿ. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಮಗು ಚೇತರಿಸಿಕೊಂಡರೂ ಆಸ್ಪತ್ರೆಯಲ್ಲಿ ತೋರಿಸಲೇಬೇಕು.

ಚೀಲದಲ್ಲಿ ಇರಬೇಕಾದವು

ಓ.ಆರ್.ಎಸ್. ನಾಲ್ಕು ಪೊಟ್ಟಣ, ಅಳತೆಗೆ ಒಂದು ಲೀಟರಿನ ಬಾಟಲಿ, ಥರ್ಮಾಮೀಟರ್, ಸಾಬೂನು, ಹತ್ತಿಯ ತುಂಬುತೋಳಿನ ಅಂಗಿ, ಅಗಲ ಅಂಚಿನ ಟೊಪ್ಪಿಗೆ, ಚಿಕ್ಕ ಸೊಳ್ಳೆಪರದೆ, ಲಸಿಕೆಯ ತಾಯಿ ಕಾರ್ಡು, ಮಗುವಿಗೆ ನಿತ್ಯ ಕೊಡುವ ಔಷಧಿ.

ಜ್ವರಕ್ಕೆ ಪ್ಯಾರಾಸಿಟಮಾಲ್ ಒಯ್ಯುವಾಗ ಸೀಸೆಯ ಮೇಲಿನ ಬರಹ ಓದಿ. 5 ಮಿ.ಲೀ.ಯಲ್ಲಿ 125 ಮಿ.ಗ್ರಾಂ ಇರುವುದೂ ಉಂಟು, 250 ಮಿ.ಗ್ರಾಂ ಇರುವುದೂ ಉಂಟು. ಹತ್ತು ಕಿಲೋ ಮಗುವಿಗೆ ಒಂದು ಸಲಕ್ಕೆ ಹೆಚ್ಚೆಂದರೆ 150 ಮಿ.ಗ್ರಾಂ, ಮೊದಲನೆಯದಾದರೆ 6 ಮಿ.ಲೀ., ಎರಡನೆಯದಾದರೆ 3 ಮಿ.ಲೀ. ಮಾತ್ರ. ನಿಮ್ಮ ಮಗುವಿನ ತೂಕಕ್ಕೆ ಎಷ್ಟೆಂದು ವೈದ್ಯರಿಂದ ಬರೆಸಿಕೊಂಡು ಹೊರಡಿ. ಆಸ್ಪಿರಿನ್ ಬೇಡ.

ಚಿಕಿತ್ಸೆ ಎಲ್ಲಿ ಸಿಗುತ್ತದೆಂಬುದೂ ತಿಳಿದಿರಲಿ. ಹುಬ್ಬಳ್ಳಿ ಮತ್ತು ಕಾರವಾರಗಳಲ್ಲಿ ಸರಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ. ಉಡುಪಿಗೆ ಹತ್ತಿರದ ಮಣಿಪಾಲದಲ್ಲಿ ಕಸ್ತೂರಬಾ ಆಸ್ಪತ್ರೆ ಇದೆ.

ಊರಿಗೆ ಮರಳಿದ ಮೇಲೆ ಒಂದು ತಿಂಗಳೊಳಗೆ ಮಗುವಿಗೆ ಜ್ವರ ಬಂದರೆ ಕರಾವಳಿಗೆ ಹೋಗಿಬಂದ ವಿಷಯವನ್ನು ವೈದ್ಯರಿಗೆ ಮರೆಯದೆ ಹೇಳಿ. ಮಲೇರಿಯಾ, ಡೆಂಗಿಗಳ ರಕ್ತಪರೀಕ್ಷೆ ಬೇಕಾಗಬಹುದು. ಅಜ್ಜಿಗೂ ಒಂದು ಮಾತು: ನೀರನ್ನು ಕಾಯಿಸಿ, ಅಳೆದು, ಎದುರಿಗೆ ನಿಂತು ಕಾಯುವವರಿದ್ದರೆ ಕೂಸಿಗೆ ಕಡಲು ಆಗಿಬರುತ್ತದೆ. ಕಾಯುವ ಸರದಿಯಲ್ಲಿ ಒಂದು ಪಾಳಿ ಅವರಿಗೂ ಇರಲಿ.