ನಕ್ಷೆಯ ಗೆರೆ, ನಿಯಮದ ವಾಕ್ಯ: ಹೊಸೂರು ಸೀಮೆಯ ಭಾಷಾ ದತ್ತಾಂಶವನ್ನು ಓದುವ ಬಗೆ

ಹೊಸೂರು, ತಳಿ, ಡೆಂಕಣಿಕೋಟೆಗಳ ಕಡೆ ‘ನಿಮಗೆ ಯಾವ ಯಾವ ಭಾಷೆ ಬರುತ್ತದೆ?’ ಎಂದು ಕೇಳಿದರೆ ಉತ್ತರ ಸಾಮಾನ್ಯವಾಗಿ ಒಂದು ಪದದಲ್ಲಿ ಮುಗಿಯುವುದಿಲ್ಲ. ಮನೆಯಲ್ಲಿ ಕನ್ನಡ, ನೆರೆಹೊರೆಯವರೊಡನೆ ತೆಲುಗು, ಶಾಲೆ ಕಚೇರಿಗಳಲ್ಲಿ ತಮಿಳು, ಕಾರ್ಖಾನೆಯ ಕೆಲಸಕ್ಕೆ ಅಷ್ಟಿಷ್ಟು ಹಿಂದಿ, ಇಂಗ್ಲಿಷ್. ಇಂಥ ಉತ್ತರವನ್ನು ದತ್ತಸಂಚಯದಲ್ಲಿ ಇಡುವ ಮೊದಲು ಯಾರೋ ಒಬ್ಬರು ಅದಕ್ಕೊಂದು ನಕ್ಷೆ ಬರೆದಿರುತ್ತಾರೆ. ಆ ನಕ್ಷೆಯ ಪ್ರತಿಯೊಂದು ಗೆರೆಯೂ ಒಂದು ನಿಯಮ. ಭಾಷಾ ಅಂಕಿಅಂಶಗಳನ್ನು ಬೇಕಾದಾಗಲೆಲ್ಲ ಉಲ್ಲೇಖಿಸುವ ನಾವು ಆ ನಿಯಮಗಳನ್ನು ವಾಕ್ಯರೂಪಕ್ಕೆ ಬಿಡಿಸಿ ಓದುವುದು ತೀರ ಕಡಿಮೆ.

ಪೀಟರ್ ಚೆನ್ 1976ರಲ್ಲಿ ಮಂಡಿಸಿದ ಘಟಕ–ಸಂಬಂಧ ಮಾದರಿಯಲ್ಲಿ ಆಯತವು ಘಟಕವನ್ನೂ, ವಜ್ರಾಕೃತಿಯು ಸಂಬಂಧವನ್ನೂ ಸೂಚಿಸುತ್ತದೆ. ಗುಣಗಳನ್ನು ಅಂಡಾಕೃತಿಗಳಲ್ಲಿ ಬರೆಯುವುದು ರೂಢಿ. 1983ರಲ್ಲಿ ಅವರೇ ಈ ಆಕೃತಿಗಳನ್ನು ಇಂಗ್ಲಿಷ್ ವಾಕ್ಯರಚನೆಗೆ ಹೋಲಿಸಿ, ನಾಮಪದವು ಘಟಕವಾಗುತ್ತದೆ, ಸಕರ್ಮಕ ಕ್ರಿಯಾಪದವು ಸಂಬಂಧವಾಗುತ್ತದೆ ಎಂದರು. ಕನ್ನಡಕ್ಕೆ ಈ ಸೂತ್ರ ಪೂರ್ತಿ ಒಗ್ಗದು. ‘ನನಗೆ ತೆಲುಗು ಬರುತ್ತದೆ’ ಎನ್ನುವಾಗ ಬಲ್ಲವನು ಚತುರ್ಥಿಯಲ್ಲಿದ್ದಾನೆ, ಕ್ರಿಯಾಪದವೋ ಅಕರ್ಮಕ. ಆದರೂ ಅಲ್ಲಿ ಎರಡು ಘಟಕಗಳ ನಡುವೆ ಸಂಬಂಧವಿದೆಯೆಂಬುದರಲ್ಲಿ ಸಂದೇಹವಿಲ್ಲ. ನಕ್ಷೆಯಿಂದ ನಿಯಮವನ್ನು ಪಡೆಯುವುದೆಂದರೆ ಚೆನ್ ಹೇಳಿದ ದಾರಿಯಲ್ಲಿ ಹಿಂದಕ್ಕೆ ನಡೆಯುವುದು, ಎಂದರೆ ಆಕೃತಿಯನ್ನು ಮತ್ತೆ ವಾಕ್ಯವಾಗಿಸುವುದು.

ಜನಗಣತಿಯನ್ನೇ ತೆಗೆದುಕೊಳ್ಳೋಣ. ಅದರ ಪ್ರಶ್ನಾವಳಿಯನ್ನು ನಕ್ಷೆಯಾಗಿಸಿದರೆ ‘ವ್ಯಕ್ತಿ’, ‘ನುಡಿ’ ಎಂಬ ಎರಡು ಆಯತಗಳ ನಡುವೆ ಎರಡು ವಜ್ರಾಕೃತಿಗಳು ನಿಲ್ಲುತ್ತವೆ: ಒಂದು ಮಾತೃಭಾಷೆ, ಇನ್ನೊಂದು ತಿಳಿದಿರುವ ಇತರ ಭಾಷೆ. ಮೊದಲನೆಯದನ್ನು ಎರಡೂ ದಿಕ್ಕಿನಿಂದ ಓದಬೇಕು. ‘ಪ್ರತಿಯೊಬ್ಬ ವ್ಯಕ್ತಿಗೂ ಒಂದೇ ಒಂದು ಮಾತೃಭಾಷೆ ಇರತಕ್ಕದ್ದು.’ ‘ಒಂದು ನುಡಿಯು ಹಲವರ ಮಾತೃಭಾಷೆಯಾಗಿರಬಹುದು, ಯಾರೊಬ್ಬರದೂ ಆಗದೆಯೂ ಇರಬಹುದು.’ ಕನ್ನಡದಲ್ಲಿ ಬರಿಯ ‘ಒಂದು’ ಎಂದರೆ ಸಾಲದು, ಅದು ‘ಯಾವುದೋ ಒಂದು’ ಎಂಬರ್ಥಕ್ಕೂ ಸಲ್ಲುತ್ತದೆ. ಗರಿಷ್ಠ ಮಿತಿಯನ್ನು ಹೇಳುವುದು ಅವಧಾರಣೆಯ ಏಕಾರ, ಕಡ್ಡಾಯವನ್ನು ಹೇಳುವುದು ‘ತಕ್ಕದ್ದು’. ಈ ಕಡ್ಡಾಯಕ್ಕೆ ಜನಗಣತಿಯ ವ್ಯಾಖ್ಯೆಯೇ ಸಾಕ್ಷಿ. ಬಾಲ್ಯದಲ್ಲಿ ತಾಯಿ ಆಡಿದ ಭಾಷೆ ಮಾತೃಭಾಷೆ. ಶೈಶವದಲ್ಲೇ ತಾಯಿ ತೀರಿಕೊಂಡಿದ್ದರೆ ಮನೆಯಲ್ಲಿ ಮುಖ್ಯವಾಗಿ ಆಡುತ್ತಿದ್ದ ಭಾಷೆ. ಇನ್ನೂ ಮಾತು ಬಾರದ ಕೂಸಿಗೆ ತಾಯಿಯ ಭಾಷೆ. ಕೋಷ್ಟಕದ ಆ ಮನೆ ಯಾರಿಗೂ ಖಾಲಿ ಉಳಿಯಕೂಡದು.

ಎರಡನೆಯ ಸಂಬಂಧದ ಮಿತಿ ಸೊನ್ನೆಯಿಂದ ಎರಡು: ಮಾತೃಭಾಷೆಯ ಹೊರತಾಗಿ ಹೆಚ್ಚೆಂದರೆ ಎರಡು ಭಾಷೆಗಳನ್ನು ಪ್ರಾವೀಣ್ಯದ ಕ್ರಮದಲ್ಲಿ ಬರೆಸಬಹುದು. ಈ ‘ಕ್ರಮ’ ವ್ಯಕ್ತಿಯ ಗುಣವಲ್ಲ, ನುಡಿಯ ಗುಣವೂ ಅಲ್ಲ. ಆದ್ದರಿಂದ ಅದರ ಅಂಡಾಕೃತಿ ವಜ್ರಾಕೃತಿಗೇ ಅಂಟಿಕೊಳ್ಳಬೇಕು. ಮೇಲೆ ಹೇಳಿದ ಹೊಸೂರಿನ ಮನೆಯ ನಾಲ್ಕನೆಯ, ಐದನೆಯ ಭಾಷೆ ಹೊರಗುಳಿಯುವುದು ಗಣತಿದಾರರ ಅಲಕ್ಷ್ಯದಿಂದಲ್ಲ, ಗೆರೆಯ ತುದಿಯಲ್ಲಿರುವ ‘2’ ಎಂಬ ಅಂಕಿಯಿಂದ. ಇಲ್ಲಿ ನಕ್ಷೆಯಲ್ಲಿ ಕಾಣದ ನಿಯಮವೂ ಒಂದಿದೆ. ಮಾತೃಭಾಷೆಯೆಂದು ಬರೆಸಿದ ನುಡಿಯನ್ನೇ ಇತರ ಭಾಷೆಯೆಂದು ಮತ್ತೆ ಬರೆಸಲಾಗದು. ಎರಡು ವಜ್ರಾಕೃತಿಗಳು ಒಂದನ್ನೊಂದು ಹೊರಗಿಡುತ್ತವೆಂಬುದನ್ನು ಚೆನ್‌ರ ಸಂಕೇತಗಳು ಹೇಳಲಾರವು. ಅದನ್ನು ಬೇರೆಯಾಗಿ ವಾಕ್ಯದಲ್ಲೇ ಬರೆದಿಡಬೇಕು.

ಕಾಲದ ವಿಷಯವೂ ಹೀಗೆಯೇ. ‘ಒಂದು ಗ್ರಾಮವು ಒಂದೇ ಜಿಲ್ಲೆಗೆ ಸೇರಿರತಕ್ಕದ್ದು’ ಎಂಬ ನಿಯಮ ನಿರುಪದ್ರವಿಯೆಂದೇ ತೋರುತ್ತದೆ. ಆದರೆ ಹೊಸೂರು ಸೀಮೆಯ ಹಳ್ಳಿಯೊಂದು 1961ರ ಗಣತಿಯಲ್ಲಿ ಸೇಲಂ ಜಿಲ್ಲೆಯಲ್ಲಿದೆ, 1971ರಿಂದ 2001ರವರೆಗೆ ಧರ್ಮಪುರಿಯಲ್ಲಿದೆ, 2011ರಲ್ಲಿ ಕೃಷ್ಣಗಿರಿಯಲ್ಲಿದೆ. ಧರ್ಮಪುರಿ ಜಿಲ್ಲೆ ಆದದ್ದು 1965ರಲ್ಲಿ, ಕೃಷ್ಣಗಿರಿ 2004ರಲ್ಲಿ. ಸಂಬಂಧಕ್ಕೆ ‘ಗಣತಿವರ್ಷ’ವೆಂಬ ಗುಣವನ್ನು ಸೇರಿಸದೆ ಧರ್ಮಪುರಿಯ 2001 ಮತ್ತು 2011ರ ಕನ್ನಡಿಗರ ಸಂಖ್ಯೆಯನ್ನು ಹೋಲಿಸಿದವರಿಗೆ, ಹಳ್ಳಿಗಳು ಕದಲದಿದ್ದರೂ ಕನ್ನಡಿಗರು ಕಣ್ಮರೆಯಾದಂತೆ ತೋರುತ್ತದೆ.

ಮಾತೃಭಾಷೆಗಳನ್ನು ಭಾಷೆಗಳಡಿ ಗುಂಪುಗೂಡಿಸುವ ಸಂಬಂಧವನ್ನು ಇಲ್ಲಿ ಹೆಸರಿಸಿ ಮುಂದೆ ಹೋಗುತ್ತೇನೆ. ನೀಲಗಿರಿಯ ಬಡಗವನ್ನು ಜನಗಣತಿ ಕನ್ನಡದಡಿ ಎಣಿಸುತ್ತದೆ. ‘ಒಂದು ಮಾತೃಭಾಷೆಯು ಒಂದೇ ಭಾಷೆಯ ಗುಂಪಿಗೆ ಸೇರತಕ್ಕದ್ದು’ ಎಂಬ ನಿಯಮವಿರುವಲ್ಲಿ ಭಾಷಾವಿಜ್ಞಾನಿಗಳ ಭಿನ್ನಾಭಿಪ್ರಾಯಕ್ಕೆ ಎಡೆಯಿಲ್ಲ.

ನಮ್ಮಂಥ ಅಧ್ಯಯನಗಳಿಗೆ ಎಲ್ಲಕ್ಕಿಂತ ಮುಖ್ಯವಾದ ಗೆರೆ ಸಾಕ್ಷರತೆಯದು. ಏಳು ವರ್ಷ ತುಂಬಿದವರು ಯಾವುದಾದರೊಂದು ಭಾಷೆಯಲ್ಲಿ ಅರ್ಥಮಾಡಿಕೊಂಡು ಓದಿ ಬರೆಯಬಲ್ಲರಾದರೆ ಜನಗಣತಿಯ ಲೆಕ್ಕದಲ್ಲಿ ಸಾಕ್ಷರರು. ಅಂದರೆ ಸಾಕ್ಷರತೆಯ ಅಂಡಾಕೃತಿ ‘ವ್ಯಕ್ತಿ’ಗೆ ಅಂಟಿದೆ. ಅದರಿಂದ ಹೊರಡುವ ನಿಯಮ: ‘ವ್ಯಕ್ತಿಯು ಸಾಕ್ಷರ, ಇಲ್ಲವೇ ನಿರಕ್ಷರ.’ ಯಾವ ನುಡಿಯಲ್ಲಿ ಎಂಬ ಪ್ರಶ್ನೆಗೆ ಅಲ್ಲಿ ಸ್ಥಳವೇ ಇಲ್ಲ. 2006ರ ತಮಿಳು ಕಲಿಕೆ ಕಾಯ್ದೆ ತಮಿಳುನಾಡಿನ ಶಾಲೆಗಳಲ್ಲಿ 2006–07ರಲ್ಲಿ ಒಂದನೆಯ ತರಗತಿಯಿಂದ ಆರಂಭಿಸಿ ಹಂತಹಂತವಾಗಿ ತಮಿಳನ್ನು ಕಡ್ಡಾಯಗೊಳಿಸಿತು. ಅನ್ಯ ಮಾತೃಭಾಷೆಯವರಿಗೆ ತಮ್ಮ ನುಡಿ ಐಚ್ಛಿಕವಾಯಿತು. ನಕ್ಷೆಯ ಪರಿಭಾಷೆಯಲ್ಲಿ ಹೇಳುವುದಾದರೆ ವಿದ್ಯಾರ್ಥಿ–ತಮಿಳು ಸಂಬಂಧದ ಕನಿಷ್ಠ ಮಿತಿ 1, ವಿದ್ಯಾರ್ಥಿ–ಮಾತೃಭಾಷೆ ಸಂಬಂಧದ ಕನಿಷ್ಠ ಮಿತಿ 0. ಮನೆಯಲ್ಲಿ ಕನ್ನಡವಾಡುತ್ತ ತಮಿಳನ್ನು ಮಾತ್ರ ಓದಬಲ್ಲ ಹುಡುಗಿ ಜನಗಣತಿಯ ಒಂದು ಕೋಷ್ಟಕದಲ್ಲಿ ಕನ್ನಡತಿ, ಮತ್ತೊಂದರಲ್ಲಿ ಸಾಕ್ಷರೆ. ಎರಡನ್ನೂ ಜೋಡಿಸಿ ಅವಳನ್ನು ‘ಕನ್ನಡ ಓದುಗರ’ ಲೆಕ್ಕಕ್ಕೆ ಸೇರಿಸುವುದು ನಮ್ಮದೇ ತಪ್ಪು.

ಗಡಿಭಾಗದ ಸಮೀಕ್ಷೆಗೆ ಹೊಸ ನಕ್ಷೆ ಬರೆಯುವವರು ಆ ಅಂಡಾಕೃತಿಯನ್ನು ವ್ಯಕ್ತಿಯಿಂದ ಬಿಡಿಸಿ, ವ್ಯಕ್ತಿ–ನುಡಿ ಸಂಬಂಧಕ್ಕೆ ಸೇರಿಸಿ, ಮಾತು, ಓದು, ಬರೆಹ ಎಂದು ಮೂರಾಗಿ ಒಡೆಯಬೇಕು. ಆಗ ನಿಯಮ ಹೀಗಾಗುತ್ತದೆ: ‘ಒಬ್ಬ ವ್ಯಕ್ತಿಗೆ ಎಷ್ಟು ನುಡಿಗಳು ಬಂದರೂ, ಪ್ರತಿಯೊಂದು ನುಡಿಗೂ ಮಾತು, ಓದು, ಬರೆಹಗಳನ್ನು ಪ್ರತ್ಯೇಕವಾಗಿ ದಾಖಲಿಸತಕ್ಕದ್ದು.’ ಪ್ರಶ್ನಾವಳಿ ಇದರಿಂದ ಉದ್ದವಾಗುತ್ತದೆ, ಪ್ರತಿ ಮನೆಯಲ್ಲಿ ಇನ್ನೂ ಸ್ವಲ್ಪ ಹೊತ್ತು ಕೂರಬೇಕಾಗುತ್ತದೆ.