ಕಣ್ಣಿಗೆ ಕಾಣದ ಅಕ್ಷರಗಳು

ಸಂಸ್ಕೃತ ವ್ಯಾಕರಣವನ್ನು ಓದಿದವರಿಗೆ ‘ಇತ್’ ಸಂಜ್ಞೆಯ ಪರಿಚಯವುಂಟು. ‘ಜಿ’ ಧಾತುವಿಗೆ ‘ಕ್ತ’ ಪ್ರತ್ಯಯವು ಸೇರಿದರೆ ‘ಜಿತ’ ಎಂದಾಗುವುದು. ಪ್ರತ್ಯಯದ ಕಕಾರವೆಲ್ಲಿ ಹೋಯಿತು? ಧಾತುವಿನ ಇಕಾರಕ್ಕೆ ಗುಣ ಬಾರದಂತೆ ತಡೆದು ತಾನು ಲೋಪಹೊಂದಿತು. ‘ತೃಚ್’ ಪ್ರತ್ಯಯದಲ್ಲಿ ಆ ಕಕಾರವಿಲ್ಲ. ಆದುದರಿಂದ ‘ಜೇತೃ’ ಎಂದಾಗುವುದು. ಮನೆಮನೆಗೂ ಬಂದಿರುವ ಗಣಕಯಂತ್ರದಲ್ಲಿಯೂ ಇಂತಹ ಮೌನಾಕ್ಷರಗಳಿವೆಯೆಂದರೆ ವಾಚಕರು ಆಶ್ಚರ್ಯಪಟ್ಟಾರು.

ಗಣಕಕ್ಕೆ ಸಂಖ್ಯೆಯ ಹೊರತು ಬೇರೊಂದು ತಿಳಿಯದು. ಆದಕಾರಣ ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆಯನ್ನು ಗೊತ್ತುಮಾಡಿರುವರು. ಅಮೆರಿಕದಲ್ಲಿ 1963ರಲ್ಲಿ ಪ್ರಕಟವಾಗಿ 1967ರಲ್ಲಿ ತಿದ್ದುಪಡಿ ಹೊಂದಿದ ‘ಆಸ್ಕಿ’ ಎಂಬ ಸಂಕೇತಮಾಲೆಯಲ್ಲಿ 128 ಸ್ಥಾನಗಳು. ಅವುಗಳಲ್ಲಿ 33 ಬರೆಯತಕ್ಕ ಅಕ್ಷರಗಳಲ್ಲ, ಯಂತ್ರಕ್ಕೆ ಕೊಡತಕ್ಕ ಅಪ್ಪಣೆಗಳು. ತಂತಿಯಲ್ಲಿ ಬಂದುದನ್ನು ಟೆಲಿಪ್ರಿಂಟರು ತಾನೇ ಅಚ್ಚುಮಾಡುತ್ತಿದ್ದ ಕಾಲವದು. 7 ಎಂಬ ಸಂಖ್ಯೆ ಬಂದರೆ ಅದರ ಗಂಟೆ ಬಾರಿಸುವುದು. 13 ಬಂದರೆ ಅಚ್ಚು ಸಾಲಿನ ಮೊದಲಿಗೆ ಮರಳುವುದು. 10 ಬಂದರೆ ಕಾಗದವು ಒಂದು ಸಾಲು ಸರಿಯುವುದು. 127ರ ಕಥೆಯಂತೂ ಸ್ವಾರಸ್ಯವಾದುದು. ಕಾಗದದ ಪಟ್ಟಿಯಲ್ಲಿ ತೂತು ಕೊರೆದು ಅಕ್ಷರಗಳನ್ನು ಗುರುತಿಸುತ್ತಿದ್ದರಷ್ಟೆ? ತಪ್ಪಿ ಕೊರೆದ ತೂತನ್ನು ಮುಚ್ಚುವುದೆಂತು? ಆ ಸ್ಥಳದಲ್ಲಿ ಏಳು ತೂತುಗಳನ್ನೂ ಕೊರೆದುಬಿಡುತ್ತಿದ್ದರು, ಅದೇ 127. ಯಂತ್ರವು ಅದನ್ನು ಲೆಕ್ಕಿಸದೆ ಮುಂದುವರಿಯುತ್ತಿತ್ತು.

ಟೆಲಿಪ್ರಿಂಟರು ಮೂಲೆ ಸೇರಿತು, ಅಪ್ಪಣೆಗಳು ಉಳಿದುವು. ವಿಂಡೋಸ್ ಇಂದಿಗೂ ಸಾಲಿನ ಕೊನೆಯಲ್ಲಿ 13, 10 ಎರಡನ್ನೂ ಇಡುವುದು ವಾಡಿಕೆ. ಯೂನಿಕ್ಸ್ ಸಂತತಿಗೆ 10 ಒಂದೇ ಸಾಕು.

ನಮ್ಮ ಕನ್ನಡಕ್ಕೆ ಹೆಚ್ಚು ಸಂಬಂಧಿಸಿದವು ಈ ಅಪ್ಪಣೆಗಳ ದಾಯಾದಿಗಳಾದ ಎರಡು ಗುರುತುಗಳು. 1991ರಲ್ಲಿ ಮೊದಲು ಪ್ರಕಟವಾದ ಯೂನಿಕೋಡಿನಲ್ಲಿ ಅವುಗಳ ಸಂಖ್ಯೆ 8204 ಮತ್ತು 8205. ಮೊದಲನೆಯದು ಅಕ್ಷರಗಳನ್ನು ಬಿಡಿಸಿಡುವುದು. ಅದಿದ್ದರೆ ‘ರಾಜ್‌ಕುಮಾರ’, ಇಲ್ಲದಿದ್ದರೆ ಒತ್ತಕ್ಷರವಾಗಿ ‘ರಾಜ್ಕುಮಾರ’. ಎರಡನೆಯದು ರಕಾರದ ಬಳಿ ನಿಂತು, ಅದು ಅರ್ಕಾವೊತ್ತಾಗದಂತೆ ಕಾಯುವುದು. ‘ರ‍್ಯಾಂಕು’ ಎಂದು ಬರೆಯಲು ಇದು ಬೇಕು. ಇಷ್ಟರಮಟ್ಟಿಗೆ ಉಪಕಾರವೇ.

ತೊಡಕಿರುವುದು ಹೆಸರುಗಳಲ್ಲಿ. ‘ಸುರೇಶ್’ ಎಂಬ ಹೆಸರಿನ ಕೊನೆಗೆ 8204 ಅಂಟಿಕೊಂಡಿದ್ದರೂ ಇಲ್ಲದಿದ್ದರೂ ನಮ್ಮ ಕಣ್ಣಿಗೆ ಭೇದವಿಲ್ಲ. ಗಣಕವಾದರೋ ಸಂಖ್ಯೆಗಳನ್ನು ಹೋಲಿಸತಕ್ಕದ್ದು. ಗುರುತನ್ನು ಕಡೆಗಣಿಸುವ ಏರ್ಪಾಡು ಮಾಡಿರದಿದ್ದರೆ, ಪಹಣಿಯ ಸುರೇಶನೇ ಬೇರೆ, ಬ್ಯಾಂಕಿನ ಸುರೇಶನೇ ಬೇರೆ ಎಂದು ತೀರ್ಮಾನಿಸಿಬಿಡುವುದು. ಕಾಗದಪತ್ರವೆಲ್ಲ ನೆಟ್ಟಗಿದ್ದರೂ ‘ಹೆಸರು ಹೊಂದುವುದಿಲ್ಲ’ ಎಂಬ ಉತ್ತರ! ಪಾಣಿನಿಯು ಇತ್ತಿಗೆ ಲೋಪವನ್ನೂ ಜೊತೆಯಲ್ಲಿಯೇ ವಿಧಿಸಿರುವನು. ಹೆಸರು ಹುಡುಕುವ ತಂತ್ರಾಂಶ ಬರೆಯುವವರು ಈ ಸೂಕ್ಷ್ಮವನ್ನು ಮರೆಯಬಾರದಾಗಿತ್ತು. ಹಾಗೆಂದು ಗುರುತುಗಳನ್ನು ಬರೆಹದಿಂದಲೇ ಕಿತ್ತುಹಾಕಿದರೆ ರಾಜ್‌ಕುಮಾರನ ಗತಿಯೇನು? ಹೋಲಿಸುವಾಗ ಮಾತ್ರ ಬಿಡತಕ್ಕದ್ದು.

ಅಲ್ಲಿಯವರೆಗೆ ಗೃಹಸ್ಥರು ಮಾಡಬಹುದಾದುದು ಇಷ್ಟು. ಹೆಸರನ್ನು ಬೇರೆಡೆಯಿಂದ ನಕಲಿಳಿಸದೆ ಹೊಸದಾಗಿ ಬೆರಳಚ್ಚಿಸಿರಿ. ಸಂಶಯವಿದ್ದಲ್ಲಿ ಹೆಸರಿನ ಕೊನೆಯಲ್ಲಿ ನಿಂತು ಅಳಿಸುವ ಕೀಲಿಯನ್ನು ಒಮ್ಮೆ ಒತ್ತಿರಿ. ಯಾವ ಅಕ್ಷರವೂ ಬದಲಾಗದಿದ್ದರೆ, ಅಳಿದುಹೋದುದು ಅಲ್ಲಿ ಅಡಗಿದ್ದ ಗುರುತು.