ಬಾಣಂತಿಗೆ ಹಾಲು ಸಾಲದೇ? ಮಾತ್ರೆಗೆ ಮುನ್ನ ಇದನ್ನು ಓದಿ

ಊರಿನಿಂದ ಅಮ್ಮ ಇನ್ನೂ ಬಂದಿಲ್ಲ, ಮಗು ಅಳುತ್ತಿದೆ, ಹಾಲು ಸಾಲದೆಂಬ ಭಯ. ಪಕ್ಕದ ಮನೆಯವರು ಹೇಳಿದ ಡಾಂಪೆರಿಡೋನ್ ಮಾತ್ರೆ ತರುವ ಮುನ್ನ, ಹೃದಯ ವೈದ್ಯನಾಗಿ ಹೇಳುತ್ತೇನೆ, ಸ್ವಲ್ಪ ತಾಳಿ.

ಹಾಲು ತಯಾರಿಸುವ ಹಾರ್ಮೋನು ಪ್ರೊಲ್ಯಾಕ್ಟಿನ್, ಅದನ್ನು ಇಳಿಸುವುದು ಆಕ್ಸಿಟೋಸಿನ್. ಮಗು ಚೀಪಿದಂತೆಲ್ಲ ಎರಡೂ ಹೆಚ್ಚುತ್ತವೆ. ರಾತ್ರಿ ಪ್ರೊಲ್ಯಾಕ್ಟಿನ್ ಇನ್ನೂ ಜಾಸ್ತಿ. ರಾತ್ರಿ ಹಾಲುಣಿಸುವುದನ್ನು ತಪ್ಪಿಸಬೇಡಿ.

ಪ್ರೊಲ್ಯಾಕ್ಟಿನ್‌ಗೆ ಮೆದುಳಿನ ಡೋಪಮೈನ್ ಕಡಿವಾಣ ಹಾಕಿರುತ್ತದೆ. ಡಾಂಪೆರಿಡೋನ್ ಆ ಕಡಿವಾಣ ಸಡಿಲಿಸುತ್ತದೆ, ಆದರೆ ಕೆಲವರಲ್ಲಿ ಹೃದಯ ಬಡಿತದ ಲಯವನ್ನೂ ಕೆಡಿಸಬಹುದು. ಅಮೆರಿಕದ ಎಫ್‌ಡಿಎ 2004ರಲ್ಲೇ ಎಚ್ಚರಿಸಿದೆ. ಎರಿಥ್ರೊಮೈಸಿನ್, ಫ್ಲುಕೊನಜೋಲ್ ಜೊತೆಗಂತೂ ಬೇಡ. ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೆ ಹಠಾತ್ತಾಗಿ ತೀರಿಕೊಂಡಿದ್ದರೆ ವೈದ್ಯರಿಗೆ ಹೇಳಿ, ಮೊದಲು ಇಸಿಜಿ ಮಾಡಿಸಿ.

ಐದನೇ ದಿನದಿಂದ ಮಗು ದಿನಕ್ಕೆ 6 ಸಲವಾದರೂ ಮೂತ್ರ ಮಾಡಿ, ತೂಕ ಏರುತ್ತಿದ್ದರೆ ಹಾಲು ಸಾಕಾಗುತ್ತಿದೆ ಎಂದೇ ಅರ್ಥ.

ಬಾಣಂತಿ ಇರುವ ಮನೆಗಳಿಗೆ ಕಳಿಸಿ.